ಮರಳುಚೀಲದೊಳಗಿನ ಕೊನೆಯ ರೀಲು

೧೯೨೪ರ ಮಾರ್ಚ್ ಹನ್ನೊಂದು, ಮಂಗಳವಾರ. ಬೆಳಿಗ್ಗೆ ಹತ್ತಕ್ಕೆ ನಿರ್ಮಾಪಕ ಜೂಲಿಯಸ್ ಫಾಲ್ಕ್ ಹಾಲಿವುಡ್ ಠಾಣೆಗೆ ನುಗ್ಗಿದ. ಅವನ ‘ಗುದ್ದುಗುಮ್ಮ’ ಹಾಸ್ಯಚಿತ್ರ ಸರಣಿಯ ಆರನೇ ಕಂತಿನ ಕೊನೆಯ ರೀಲು ಕಾಣೆಯಾಗಿತ್ತು.

“ಕ್ಲೈಮ್ಯಾಕ್ಸೇ ಕದ್ದವ್ರೆ ಇನ್‌ಸ್ಪೆಕ್ಟ್ರೇ! ಗುದ್ದಾಟ ಇಲ್ದಿರೋ ಗುದ್ದಾಟದ ಪಿಕ್ಚರ್ ಯಾರ್ ನೋಡ್ತಾರೆ?”

“ನಮ್ಮನೇಲಿ ದಿನಾ ಫ್ರೀಯಾಗಿ ನಡೆಯುತ್ತೆ, ಬನ್ನಿ,” ಎಂದ ಕಾನ್‌ಸ್ಟೆಬಲ್ ಹರ್ಲಿ. ಇನ್‌ಸ್ಪೆಕ್ಟರ್ ಆರ್ವಿಲ್ ಟಾನ್ಸಿ ಅವನನ್ನು ಕಣ್ಣಲ್ಲೇ ಸುಮ್ಮನಾಗಿಸಿ ದೂರು ದಾಖಲಿಸಿಕೊಂಡ.

ರೀಲಿನ ಕೋಣೆಯ ಬೀಗ ಒಡೆದಿರಲಿಲ್ಲ. ಒಳಗಿನವರದೇ ಕೈವಾಡ. ಪಂಚನಾಮೆಗೆ ಸಹಿ ಹಾಕುತ್ತ ಕ್ಯಾಮೆರಾದವನು ಹೇಳಿದ: “ಯುರೋಪಿಗೆ ಕಳ್ಸೋಕೆ ಪಕ್ಕದಲ್ಲೇ ಇನ್ನೊಂದು ಕ್ಯಾಮೆರಾ ತಿರುಗಿಸ್ತೀವಲ್ಲ, ಅದರ ರೀಲು ಇದೆ ಸಾರ್.”

“ಅದು ಎರಡನೇ ದರ್ಜೆ ಮಾಲು, ಇಲ್ಲಿಗೆ ನಡೆಯಲ್ಲ,” ಎಂದು ಫಾಲ್ಕ್ ಗೊಣಗಿದ.

ಟಾನ್ಸಿ ಅದನ್ನೇ ಪರದೆಗೆ ಹಾಕಿಸಿದ. ನಾಯಕ ಲೀಲ್ಯಾಂಡ್ ಕ್ರಾಬ್‌ಟ್ರೀ ತನ್ನ ಎದುರಾಳಿ, ಹಳೇ ಬಾಕ್ಸರ್ ಆಂಬ್ರೋಸ್ ಕೀಯೋನನ್ನು ತಬ್ಬಿ ಹಿಡಿದಾಗ ಇಬ್ಬರ ತುಟಿಗಳೂ ಆಡಿದವು. ಪರದೆಗೆ ದನಿಯಿಲ್ಲ. ಆದರೆ ಟಾನ್ಸಿಯ ತಾಯಿ ಕಿವುಡಿ. ತುಟಿ ಓದುವುದು ಅವನಿಗೆ ಎದೆಹಾಲಿನ ಜೊತೆ ಬಂದ ವಿದ್ಯೆ.

ಕೀಯೋ ಹೇಳಿದ್ದ: ‘ಎಡಗಣ್ಣು ಪೂರ್ತಿ ಹೋಗಿದೆ ಕಣೋ. ಬಲಗಡೆಯಿಂದ ಹೊಡಿ.’

‘ಗೊತ್ತಣ್ಣ. ನಾನಿದೀನಿ.’

ಮಧ್ಯಾಹ್ನ ಟಾನ್ಸಿ ಹರ್ಲಿಯನ್ನು ಕರೆದುಕೊಂಡು ನೇರ ಕ್ರಾಬ್‌ಟ್ರೀ ಅಭ್ಯಾಸ ಮಾಡುವ ಕೋಣೆಗೆ ಹೋದ. ನೇತಾಡುತ್ತಿದ್ದ ಮರಳುಚೀಲ ಕಂಡರೆ ಹರ್ಲಿ ಸುಮ್ಮನಿರುತ್ತಾನೆಯೇ? ಹೀರೋ ಥರ ಎರಡು ಹೆಜ್ಜೆ ಕುಣಿದು ಗುದ್ದಿದ. ಠಣ್!

“ಅಯ್ಯಯ್ಯೋ! ಇದೇನ್ ಸಾರ್, ಚೀಲವೋ ಪಾತ್ರೆ ಅಂಗಡಿಯೋ!”

ಹೊಲಿಗೆ ಬಿಚ್ಚಿದರೆ ಒಳಗೆ ರೀಲಿನ ಡಬ್ಬಿ.

ಟಾನ್ಸಿ ಅಲ್ಲೇ ನಿಂತಿದ್ದ ಕ್ರಾಬ್‌ಟ್ರೀ ಕಡೆ ತಿರುಗಿದ. “ಯಾಕ್ ಕದ್ದೆ?”

“ಆ ಸೀನು ಮತ್ತೆ ತೆಗೀಲಿ ಅಂತ.”

“ಯಾಕೆ?”

ಕ್ರಾಬ್‌ಟ್ರೀ ಬಿಚ್ಚಿದ ಚೀಲವನ್ನು ಮತ್ತೆ ಮುಚ್ಚತೊಡಗಿದ.

“ನಾನೂ ತುಟಿ ಓದ್ತೀನಪ್ಪ.”

ಅವನು ಚೀಲ ಕೈಬಿಟ್ಟ. “ಹೋದ ಪಿಕ್ಚರಲ್ಲಿ ನಾನ್ ಬೈದಿದ್ದನ್ನ ಕಿವುಡ್ರು ಓದ್ಬಿಟ್ರು, ಊರೇ ನಗ್ತು. ಇದನ್ನೂ ಓದ್ತಾರೆ. ಒಂದೇ ಕಣ್ಣು ಅಂತ ಗೊತ್ತಾದ್ರೆ ಫಾಲ್ಕು ನಮ್ಮ ಕೀಯೋ ಅಣ್ಣನ್ನ ಗೇಟಿಂದಾಚೆ ಹಾಕ್ತಾನೆ. ಸಾರ್, ನಂಗೆ ಗುದ್ದೋಕೇ ಬರಲ್ಲ. ಬಿದ್ದು ಬಿದ್ದು ನನ್ನ ಹೀರೋ ಮಾಡಿದ್ದು ಅವ್ನು.”

“ಎರಡನೇ ಕ್ಯಾಮೆರಾ ಮರೆತ್ಯಾ?”

“ದಿನಾ ಗರಗರ ಅಂತಿತ್ತಾ... ಕೇಳಿಸೋದೇ ನಿಂತೋಗಿತ್ತು ಸಾರ್.”

ಡಬ್ಬಿ ಹಿಂದಿರುಗಿಸುವಾಗ ಟಾನ್ಸಿ ಫಾಲ್ಕ್‌ಗೆ ಒಂದು ಮಾತು ಹಾಕಿದ. “ಅವ್ರು ತಬ್ಕೊಳ್ಳೋ ಜಾಗ ತೆಗ್ದು ಅಲ್ಲೊಂದು ತಮಾಷೆ ಬರಹ ಹಾಕ್ಸಿ, ಯುರೋಪಿನ ರೀಲಲ್ಲೂ. ಶಿಳ್ಳೆ ಬೀಳುತ್ತೆ.”

“ಪೊಲೀಸ್ನೋರೂ ಡೈರೆಕ್ಟರ್ ಆಗ್ಬಿಟ್ರಾ!” ಎಂದರೂ ಫಾಲ್ಕ್ ಒಪ್ಪಿದ.

ಸಂಜೆ ಐದಕ್ಕೆ ಬಂಧನ. ಸುದ್ದಿ ಕೇಳಿ ಕೀಯೋ ಠಾಣೆಗೆ ಓಡಿ ಬಂದ. ಕೋಳ ತೊಟ್ಟ ಕ್ರಾಬ್‌ಟ್ರೀ ಸುತ್ತಿ ಬಂದು ಅವನ ಬಲಗಡೆ ನಿಂತ. ಕೀಯೋನ ತುಟಿಗಳು ದನಿಯಿಲ್ಲದೆ ಆಡಿದವು: ‘ಹುಚ್ಚ. ನಿನ್ನಂಥ ತಮ್ಮ ಒಬ್ನೇ ಸಾಕಪ್ಪ ನಂಗೆ.’

ಟಾನ್ಸಿ ಓದಿ, ಮುಖ ತಿರುಗಿಸಿ, ವರದಿಯಲ್ಲಿ ಕೃತ್ಯದ ಕಾರಣ ಬರೆದ: ‘ಕೊನೆಯ ರೀಲಿನಲ್ಲಿ ಆರೋಪಿಗೆ ತನ್ನ ಮುಖ ದಪ್ಪ ಕಂಡದ್ದು.’

“ನಾಳೆ ಪೇಪರ್ನೋರು ನಿನ್ನ ಉಗೀತಾರೆ. ಪರವಾಗಿಲ್ವಾ?”

ಕ್ರಾಬ್‌ಟ್ರೀ ಕೋಳದ ಕೈಯಲ್ಲೇ ಸಹಿ ಹಾಕಿದ. “ದಪ್ಪಾನೇ ಇದೀನಿ ಸಾರ್. ದೇವ್ರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ.”