ಮೂರನೇ ಅಧ್ಯಾಯದ ಕಳ್ಳ

ಗುರುವಾರ ಬೆಳಿಗ್ಗೆ ನನ್ನ ಪ್ರಕಾಶನದ ಕಚೇರಿಗೆ ಬಂದ ಮೇಲ್‌ನಲ್ಲಿ ಕಳುಹಿಸಿದವರ ಹೆಸರಿರಲಿಲ್ಲ. ಇದ್ದದ್ದು ಒಂದು ಸಾಲು, ಒಂದು ಲಿಂಕು. 'ನಿಮ್ಮ ಲೇಖಕಿ ಕಳ್ಳಿ. ಈ ಬ್ಲಾಗ್ ನೋಡಿ.'

ನೋಡಿದೆ. ಭಾನುವಾರ ಬಿಡುಗಡೆಯಾಗಬೇಕಿದ್ದ ಪ್ರತಿಮಾ ಅವರ ಪುಸ್ತಕದ ಮೂರನೇ ಅಧ್ಯಾಯ ಹೆಚ್ಚೂಕಡಿಮೆ ಹಾಗೆಯೇ ಅಲ್ಲಿತ್ತು. ತಾರೀಕು ಎರಡು ವರ್ಷ ಹಿಂದಿನದು!

ನಾನು ಲೋಕೇಶ್. ರಾಮನಗರದಲ್ಲಿ ಸಣ್ಣದೊಂದು ಪ್ರಕಾಶನ ನಡೆಸುತ್ತೇನೆ. ಪ್ರತಿಮಾ ಒಂದು ಟಿ.ವಿ. ಚಾನೆಲ್‌ನಲ್ಲಿ ಇಪ್ಪತ್ತಾರು ವರ್ಷ ದುಡಿದು, ಮಾರ್ಕೆಟಿಂಗ್ ಮುಖ್ಯಸ್ಥೆಯಾಗಿ ನಿವೃತ್ತರಾದವರು. ಈಗ ವ್ಯಾಪಾರದ ಬಗ್ಗೆ ಪುಸ್ತಕ ಬರೆಯುತ್ತಾರೆ. ಕೋಟು-ಟೈಯವರ ಉಪದೇಶ ಅದರಲ್ಲಿಲ್ಲ. ರಸ್ತೆ ಬದಿಯಲ್ಲಿ ಕೂತು ಮಾರುವವರಿಂದ ಕಲಿತ ಪಾಠಗಳಿವೆ. ಅದಕ್ಕೇ ಅವರ ಪುಸ್ತಕ ನನಗೆ ಅನ್ನ ಹಾಕುತ್ತದೆ.

ಫೋನ್ ಮಾಡಿದೆ. ವಿಷಯ ಹೇಳಿದೆ.

"ನಾನು ಕದ್ದಿಲ್ಲ, ಲೋಕೇಶ್. ಆದ್ರೆ ಕಳ್ಳಿ ಅಂತ ಒಂದ್ಸಲ ಹೆಸರು ಬಂದ್ರೆ ಮುಗೀತು. ಇನ್ನೊಂದು ಸಾಲೂ ಬರೆಯಲ್ಲ ನಾನು."

ನೇರವಾಗಿ ಚನ್ನಪಟ್ಟಣಕ್ಕೆ, ರಹೀಮಾ ಮೇಡಂ ಮನೆಗೆ ಓಡಿದೆ. ನಿವೃತ್ತ ಸಬ್‌ಇನ್‌ಸ್ಪೆಕ್ಟರ್. ಸುಳ್ಳು ಹೇಳುವವರನ್ನು ಎದುರಿಗೆ ಕೂರಿಸಿ, ಟೀ ಕೊಟ್ಟು, ಅವರ ಬಾಯಿಂದಲೇ ನಿಜ ಹೊರಡಿಸುವುದರಲ್ಲಿ ಎತ್ತಿದ ಕೈ.

"ಈ ಅಧ್ಯಾಯ ಯಾರ‍್ಯಾರ ಕೈಗೆ ಹೋಗಿತ್ತು?"

"ಟೈಪ್ ಮಾಡಿದ ಅಸ್ರಾ. ಆಮೇಲೆ ಮನೋಹರ್—ಚಾನೆಲ್‌ನಲ್ಲಿ ಪ್ರತಿಮಾ ಅವರ ಜಾಗಕ್ಕೆ ಬಂದವನು. ಪುಸ್ತಕದ ಪ್ರಚಾರದ ವಿಡಿಯೋ ಅವನೇ ಮಾಡಿಕೊಡ್ತಿದ್ದಾನೆ."

"ಇನ್ಯಾರು?"

"...ನಾನು."

"ಒಳ್ಳೇದಾಯ್ತು. ನೀವು ನನ್ನ ಕಣ್ಣೆದುರಿಗೇ ಇರಿ. ಬ್ಲಾಗಿಗೂ ಪುಸ್ತಕಕ್ಕೂ ಏನಾದ್ರೂ ವ್ಯತ್ಯಾಸ ಇದೆಯಾ?"

ಇದ್ದದ್ದು ಒಂದೇ ಕಡೆ. ಓದಿ ಹೇಳಿದೆ. ಹೊಂಗನೂರಿನ ಸರಸಮ್ಮ ಹೆದ್ದಾರಿ ಬದಿಯಲ್ಲಿ ಬೊಂಬೆ ಮಾರುತ್ತಿದ್ದ ಕಥೆ ಅದು. ಪುಸ್ತಕದಲ್ಲಿ: 'ಒಂದು ಬೊಂಬೆ ಕೊಂಡವರಿಗೆ ಮರದ ಪುಟ್ಟ ಹಕ್ಕಿ ಸುಮ್ಮನೆ ಕೊಡುತ್ತಿದ್ದರು.' ಬ್ಲಾಗಿನಲ್ಲಿ: 'ಒಂದು ಬೊಂಬೆ ಕೊಂಡವರಿಗೆ ಒಂದು ಹಿಡಿ ಅಕ್ಕಿ ಸುಮ್ಮನೆ ಕೊಡುತ್ತಿದ್ದರು. ಅಂಗಡಿಯ ಪಕ್ಕದಲ್ಲೇ ಅಕ್ಕಿ ಮೂಟೆ ಇರುತ್ತಿತ್ತು.'

"ಗುರುತು ಸಿಗದಿರಲಿ ಅಂತ ಕಳ್ಳ ಒಂಚೂರು ತಿರುಚಿದ್ದಾನೆ, ಅಷ್ಟೇ," ಎಂದೆ ಮಹಾ ಬುದ್ಧಿವಂತನ ಹಾಗೆ. ಮೇಡಂ ಎದ್ದು ಚಪ್ಪಲಿ ಮೆಟ್ಟಿದರು.

ಅಸ್ರಾಳ ಮನೆ ಎರಡು ಬೀದಿ ಆಚೆ. ನಮ್ಮನ್ನು ನೋಡಿದ್ದೇ ಅವಳ ಮುಖ ಸಪ್ಪಗಾಯಿತು.

"ನಾನ್ಯಾಕೆ ಕದೀಲಿ ಮೇಡಂ? ಪ್ರತಿಮಾ ಮೇಡಂ ಕೂತು ಬರೆಯೋರಲ್ಲ. ಜನ ಹೇಳಿದ್ದು, ತಾವು ಹೇಳಬೇಕಾದ್ದು, ಎಲ್ಲಾ ರೆಕಾರ್ಡ್ ಮಾಡಿ ಕಳಿಸ್ತಾರೆ. ನಾನು ಕೇಳಿ, ಹೇಳಿದ್ದನ್ನ ಹೇಳಿದ ಹಾಗೇ ಟೈಪ್ ಮಾಡ್ತೀನಿ; ಹಳ್ಳಿ ಮಾತಿದ್ರೆ ಮಾತ್ರ ಪುಸ್ತಕದ ಭಾಷೆಗೆ ತರ್ತೀನಿ."

"ಬ್ಲಾಗಿನ ತಾರೀಕು?"

"ಹಿಂದಿನ ತಾರೀಕು ಹಾಕೋದು ಮಕ್ಕಳಾಟ ಮೇಡಂ. ಯಾರು ಬೇಕಾದ್ರೂ ಹಾಕಬಹುದು."

"ಟೈಪ್ ಮಾಡಿದ್ದು ಯಾರಿಗೆ ಕೊಟ್ಟೆ?"

"ಲೋಕೇಶ್ ಸಾರ್‌ಗೆ ಮಾತ್ರ. ಮನೋಹರ್ ಸಾರ್‌ಗೆ ಕೊಟ್ಟಿದ್ದು ಮೂರನೇ ಅಧ್ಯಾಯದ ರೆಕಾರ್ಡಿಂಗು. ವಿಡಿಯೋಗೆ ಸರಸಮ್ಮನ ದನಿ ಬೇಕು ಅಂದ್ರು."

ಅಂದರೆ ಬರಹ ಇದ್ದದ್ದು ಇವಳ ಹತ್ತಿರ, ನನ್ನ ಹತ್ತಿರ. ಮೇಡಂ ನಗುತ್ತಿದ್ದರು.

ಮರುದಿನ ಹೊಂಗನೂರು. ಸರಸಮ್ಮ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಿದ್ದವರು ಕೈ ಒರೆಸಿಕೊಂಡು ಎದ್ದರು.

"ಬಾ ಕಣವ್ವ ಒಳಿಕ್ಕೆ. ಒಸಿ ಆಲು ಐತೆ, ಕಾಪಿ ಕಾಸ್ತೀನಿ."

"ಕಾಫಿ ಇರ‍್ಲಿ ಅಮ್ಮ. ಬೊಂಬೆ ತಗೊಂಡೋರಿಗೆ ಸುಮ್ಮನೆ ಏನು ಕೊಡ್ತಿದ್ರಿ?"

"ಅಕ್ಕಿ ಕೊಡ್ತಿದ್ದೆ ಕಣವ್ವ. ಅಕ್ಕಿ ನೋಡ್ಬುಟ್ರೆ ಮಕ್ಕಳು ಬುಡ್ತಾವಾ? ಅವ್ರಪ್ಪನ ಕೈ ಎಳ್ಕಂಡು ಮತ್ತೆ ಬತ್ತಿದ್ವು."

"ಇದನ್ನ ಪ್ರತಿಮಾಗಲ್ಲದೆ ಬೇರೆ ಯಾರಿಗಾದ್ರೂ ಹೇಳಿದ್ರಾ?"

"ಅಯ್ಯೋ, ನನ್ ಕತೆ ಕೇಳಾಕೆ ಇನ್ಯಾವನು ಬತ್ತಾನೆ?"

ಶನಿವಾರ ಮಧ್ಯಾಹ್ನ ಮೇಡಂ ನಮ್ಮೆಲ್ಲರನ್ನೂ ತಮ್ಮ ಮನೆಗೆ ಕರೆಸಿದರು. ಪ್ರತಿಮಾ ಪುಸ್ತಕದ ಪ್ರತಿ ಹಿಡಿದು ಮೂಲೆಯಲ್ಲಿ ಕೂತರು. ಮನೋಹರ್ ಬೆಂಗಳೂರಿಂದ ಬಂದ. ಟೀ ಬಂತು.

"ನಿಮ್ಮ ಊರು ಯಾವುದು ಮನೋಹರ್?"

"ಉಡುಪಿ. ಯಾಕೆ?"

ಮೇಡಂ ಅಸ್ರಾ ತಂದಿದ್ದ ರೆಕಾರ್ಡಿಂಗ್ ಹಾಕಿದರು. ಸರಸಮ್ಮನ ದನಿ: 'ಬೊಂಬೆ ತಕಂಡೋರ‍್ಗೆ ಅಕ್ಕಿ ಸುಮ್ಕೆ ಕೊಡ್ತಿದ್ದೆ.'

"ಏನು ಕೊಡ್ತಿದ್ರಂತೆ?"

"ಅಕ್ಕಿ."

"ಅಕ್ಕಿ ಅಂದ್ರೆ?"

"ಅಕ್ಕಿ... ಅಕ್ಕಿಯೇ. ರೈಸ್!"

ನಾನು ಟೀ ಉಗುಳುವುದೊಂದು ಬಾಕಿ. ಅಸ್ರಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

"ಸರಸಮ್ಮನ ಬಾಯಲ್ಲಿ ಹಾಲು ಅಂದ್ರೆ ಆಲು," ಎಂದರು ರಹೀಮಾ ಮೇಡಂ. "ಹಕ್ಕಿ ಅಂದ್ರೆ ಅಕ್ಕಿ. ಅಸ್ರಾ ಇಲ್ಲೇ ಹುಟ್ಟಿ ಬೆಳೆದವಳು, ಕೇಳಿದ್ದೇ 'ಹಕ್ಕಿ' ಅಂತ ಟೈಪ್ ಮಾಡಿದಳು. ಬರಹ ನೋಡಿ ಕದ್ದವರು ಯಾರೇ ಆಗಿದ್ರೂ 'ಹಕ್ಕಿ' ಅಂತಲೇ ಬರೀತಿದ್ರು. ಹಕ್ಕಿ ಅಕ್ಕಿ ಆಗಬೇಕಾದ್ರೆ ರೆಕಾರ್ಡಿಂಗ್ ಕೇಳಿ ಬರೆದಿರಬೇಕು—ಅದೂ ಈ ಕಡೆಯ ಮಾತಿನ ಬಳಕೆ ಇಲ್ಲದವರು. ಪ್ರತಿಮಾ, ಅಸ್ರಾ ಇಬ್ಬರನ್ನ ಬಿಟ್ರೆ ರೆಕಾರ್ಡಿಂಗ್ ಇದ್ದದ್ದು ನಿಮ್ಮೊಬ್ಬರ ಹತ್ತಿರ. ಅಕ್ಕಿ ನಿಮ್ಮ ಕಿವಿಯದು, ಮನೋಹರ್. ಮೂಟೆ ನಿಮ್ಮ ಸ್ವಂತದ್ದು."

ಮನೋಹರ್ ಪ್ರತಿಮಾ ಕಡೆ ತಿರುಗಿದ.

"ನಮ್ಮ ಚಾನೆಲ್‌ನ 'ಬೀದಿಗೊಂದು ಅಂಗಡಿ' ಅಭಿಯಾನದ ಬಗ್ಗೆ ಪುಸ್ತಕದಲ್ಲಿ ಬರೀತೀನಿ ಅಂದಿದ್ರಿ ಮೇಡಂ. ಅದರ ಪ್ರಶಸ್ತಿ ನನಗೆ ಬಂತು. ನೀವು ಬಿಟ್ಟ ಕುರ್ಚಿಯೂ ಅದರಿಂದಲೇ ಬಂತು. ಐಡಿಯಾ ನಿಮ್ಮದು ಅಂತ ಊರಿಗೆಲ್ಲ ಗೊತ್ತಾದ್ರೆ ನನ್ನ ಗತಿ? ನೀವು ಕಳ್ಳಿ ಅಂತಾದ್ರೆ ಆಮೇಲೆ ನೀವು ಬರೆದದ್ದನ್ನ ಯಾರೂ ನಂಬಲ್ಲ ಅಂದ್ಕೊಂಡೆ."

ಪ್ರತಿಮಾ ಸಿಟ್ಟಾಗಲಿಲ್ಲ. ಏಳನೇ ಅಧ್ಯಾಯ ತೆರೆದು ಅವನ ಮುಂದಿಟ್ಟರು. "ಓದು," ಎಂದರು.

ಅವನು ಗಟ್ಟಿಯಾಗಿಯೇ ಶುರು ಮಾಡಿದ. "'ಯೋಚನೆ ನನ್ನದು. ಆದರೆ ನಲವತ್ತು ದಿನ ಬೆಂಗಳೂರಿನ ಅಂಗಡಿಗಳ ಮೆಟ್ಟಿಲು ಹತ್ತಿ ಅದನ್ನು ಕಟ್ಟಿ ನಿಲ್ಲಿಸಿದವನು ಮನೋಹರ್. ನನ್ನಿಂದ ಅದು ಆಗುತ್ತಿರಲಿಲ್ಲ. ಪ್ರಶಸ್ತಿ...'" ಅಲ್ಲಿಗೆ ದನಿ ನಿಂತಿತು.

ಉಳಿದದ್ದನ್ನು ಪ್ರತಿಮಾ ನೋಡದೆಯೇ ಹೇಳಿದರು. "'ಪ್ರಶಸ್ತಿ ಸೇರಬೇಕಾದ ಕೈಯನ್ನೇ ಸೇರಿತು.'"

ಮನೋಹರ್ ಅಲ್ಲೇ ಕೂತು ಬ್ಲಾಗ್ ಅಳಿಸಿದ. ಕದ್ದದ್ದೂ ಮೇಲ್ ಕಳಿಸಿದ್ದೂ ತಾನೇ ಎಂದು ನನಗೆ ಬರೆದುಕೊಟ್ಟು, ಯಾರ ಮುಖವನ್ನೂ ನೋಡದೆ ಹೋದ. ನನಗೆ ಮೈಯೆಲ್ಲ ಉರಿಯುತ್ತಿತ್ತು.

"ಮೇಡಂ, ರಾತ್ರಿಯೆಲ್ಲ ಕೂತಾದ್ರೂ ಆ ಪುಟ ಬದಲಾಯಿಸಿಬಿಡ್ತೀನಿ. ಅವನನ್ನ ಹೊಗಳಿದ ಸಾಲು ತೆಗೆಯಲಾ?"

ಪ್ರತಿಮಾ ನನ್ನನ್ನು ಒಂದು ಥರಾ ನೋಡಿದರು.

"ಯಾಕೆ? ಅವನು ನಲವತ್ತು ದಿನ ಮೆಟ್ಟಿಲು ಹತ್ತಿದ್ದು ಸುಳ್ಳಾ?"

ಪುಸ್ತಕ ಭಾನುವಾರ ಹಾಗೆಯೇ ಬಂತು.