ಮಗಳೇ ಇಲ್ಲದ ರಾಜನ ಸ್ವಯಂವರ

"ರೀ ಸಾರ್... ಇದು ನನ್ನ ಕ್ಲಾಸು!"

ಎಂಟನೇ ತರಗತಿಯ ಬಾಗಿಲಲ್ಲಿ ನಿಂತ ಕೀರ್ತನಳ ಮುಖ ಕೆಂಪಾಗಿತ್ತು. ಕಪ್ಪು ಹಲಗೆಯ ಮುಂದಿದ್ದ ಎತ್ತರದ ಯುವಕ ಗಾಬರಿಯಿಂದ ತಿರುಗಿದ.

"ಸೆಕ್ರೆಟರಿ ಸಾರೇ ಕಳ್ಸಿದ್ದು ಮೇಡಂ. ಗಣಿತ, ಡೆಮೊ."

"ನನ್ನನ್ನೂ ಅವರೇ ಕಳ್ಸಿದ್ದು. ಗಣಿತ, ಡೆಮೊ!"

ಮಕ್ಕಳು ಕಿಸಕ್ಕನೆ ನಕ್ಕರು. ಇರುವುದು ಒಂದೇ ಹುದ್ದೆ, ಬಂದವರು ಇಬ್ಬರು. ಮೇಜಿನ ಮೇಲಿದ್ದದ್ದೂ ಒಂದೇ ಸೀಮೆಸುಣ್ಣ. ಅವನು ಅದನ್ನು ಮುರಿದು, ದೊಡ್ಡ ತುಂಡನ್ನು ಅವಳತ್ತ ಚಾಚಿದ.

"ಮೊದಲು ನೀವು ಮಾಡಿ. ಆಮೇಲೆ ನಾನು."

'ಇವನೇನು ದಾನಶೂರನಾ!' ಎಂದು ಸಿಡುಕಿದರೂ ಅವಳು ತೆಗೆದುಕೊಂಡಳು. ಕೈಗೆ ಸೀಮೆಸುಣ್ಣ ತಾಕಿ ಅದೆಷ್ಟು ದಿನವಾಗಿತ್ತು...

ಹಳ್ಳಿಯ ಸರ್ಕಾರಿ ಶಾಲೆಯೊಂದರಲ್ಲಿ ಅವಳು ಅತಿಥಿ ಶಿಕ್ಷಕಿಯಾಗಿದ್ದಳು. ವರ್ಗಾವಣೆಯಾಗಿ ಕಾಯಂ ಶಿಕ್ಷಕರು ಬಂದ ದಿನ ಮುಖ್ಯೋಪಾಧ್ಯಾಯರು "ನಾಳೆಯಿಂದ ಬರೋದು ಬೇಡಮ್ಮ" ಅಂದರು. ಅಷ್ಟೇ! ಅರ್ಧ ಮಾಡಿದ ಭಾಗಾಕಾರ ಹಲಗೆಯ ಮೇಲೆಯೇ ಉಳಿಯಿತು. ಅತಿಥಿ ಅಂತೆ... ಮನೆಗೆ ಬಂದ ಅತಿಥಿಯನ್ನು ಯಾರಾದರೂ ಊಟದ ನಡುವೆ ಎಬ್ಬಿಸಿ ಕಳಿಸುತ್ತಾರೆಯೇ?

ಆಮೇಲೆ ಬರೀ ಅಲೆದಾಟ. "ಮದುವೆ ಆದ್ಮೇಲೆ ಬಿಟ್ಟು ಹೋಗ್ತೀರಾ" ಎಂದಿತು ಒಂದು ಶಾಲೆ. "ಇಂಗ್ಲಿಷ್‌ನಲ್ಲಿ ಸ್ಟೈಲ್ ಇಲ್ಲ" ಎಂದಿತು ಇನ್ನೊಂದು. ಕೊನೆಗೆ ದೊಡ್ಡಬಳ್ಳಾಪುರ ರಸ್ತೆಯ ಈ ಖಾಸಗಿ ಶಾಲೆಯ ಸೆಕ್ರೆಟರಿ ವೆಂಕಟರಾಯಪ್ಪ ಕರೆದಿದ್ದರು. "ಒಂದು ವಾರ ಡೆಮೊ ಮಾಡಮ್ಮ. ಮೊದಲನೇ ಪಾಠ ತಗೋ, ಅದರಲ್ಲೇ ನಿನ್ನ ಕೈಗುಣ ಗೊತ್ತಾಗುತ್ತೆ."

ಆ ಒಂದು ವಾರ ಇಡೀ ತಿಂಗಳಾಯಿತು. ಸಂಬಳವಿಲ್ಲ, ಮಾತಿಗೆ ಮಾತ್ರ ಬರವಿಲ್ಲ!

ಮಧ್ಯಾಹ್ನ ಹೊಂಗೆಮರದ ಕೆಳಗೆ ಇಬ್ಬರೂ ಬುತ್ತಿ ಬಿಚ್ಚುತ್ತಿದ್ದರು. ಅವನ ಹೆಸರು ಬೀರೇಶ್. ಅವನ ಹುಚ್ಚೆಳ್ಳು ಚಟ್ನಿಗೆ ಅವಳ ಚಪಾತಿ ಜೋಡಿಯಾಯಿತು.

"ಹಿಂದಿನ ಸ್ಕೂಲಲ್ಲಿ ನಿಮ್ಮನ್ನ ಯಾಕೆ ತೆಗೆದ್ರು ಸಾರ್?"

"ಏಪ್ರಿಲ್ ಬಿಸಿಲಲ್ಲಿ ಮನೆಮನೆ ಸುತ್ತಿ ಅಡ್ಮಿಷನ್ ತರ್ಬೇಕಿತ್ತು. ತರ್ಲಿಲ್ಲ. ಪಾಠ ಮಾಡೋಕೆ ಬಂದೋನು ಮೇಡಂ ನಾನು, ಸೋಪು ಮಾರೋಕಲ್ಲ!"

ಅವಳು ನಕ್ಕಳು. ನಗುವುದನ್ನೇ ಮರೆತಿದ್ದೆನಲ್ಲ ಅನ್ನಿಸಿ ಕಣ್ಣು ತುಂಬಿಬಂತು. ಮಾತು ಮರೆಸಲು ಅಜ್ಜಿ ಪಾಪಕ್ಕನ ಕಥೆ ಹೇಳಿದಳು.

"ಒಂದೂರಲ್ಲಿ ಒಬ್ಬ ರಾಜ. ನನ್ನ ಹೊಲ ಉತ್ತವರಿಗೆ ಮಗಳನ್ನ ಕೊಡ್ತೀನಿ ಅಂತ ಡಂಗುರ ಹೊಡೆಸಿದ್ನಂತೆ. ಒಬ್ಬ ಬಂದು ಉತ್ತ. 'ನಿನಗಿಂತ ಒಳ್ಳೆಯವನು ಸಿಕ್ಕಿದ, ಹೋಗು' ಅಂದ ರಾಜ. ಇನ್ನೊಬ್ಬ ಬಂದ, ಅವನೂ ಉತ್ತ..."

"ಆಮೇಲೆ?"

"ಗೊತ್ತಿಲ್ಲ. ಅಲ್ಲಿಗೆ ನನಗೆ ನಿದ್ದೆ ಬಂದ್ಬಿಡ್ತಿತ್ತು."

"ಅಯ್ಯೋ! ಅಜ್ಜಿನ ಕೇಳ್ಕೊಂಡು ಬನ್ನಿ. ನಾನು ಕಾಯ್ತಿರ್ತೀನಿ."

ಮಾರನೆಯ ದಿನ ಬೀರೇಶ್ ಬರಲಿಲ್ಲ. ವೆಂಕಟರಾಯಪ್ಪ ಅವಳನ್ನು ಒಳಗೆ ಕರೆದರು.

"ನೋಡಮ್ಮ, ಬೀರೇಶ್ ಅರ್ಧ ಸಂಬಳಕ್ಕೆ ಒಪ್ಕೊಂಡ್ಬಿಟ್ಟ. ಸೋಮವಾರದಿಂದ ಸೇರ್ತಾನೆ. ನೀನಿನ್ನು ಬರೋದು ಬೇಡ."

ಅವಳು ಚೀಲ ಹೆಗಲಿಗೇರಿಸಿ ಹೊರಬಂದಳು. ಸೀಮೆಸುಣ್ಣ ಹಂಚಿಕೊಂಡ ಕೈಯೇ ಕುತ್ತಿಗೆ ಕೊಯ್ದಿತೇ? ಹಸಿದವರ ಎಲೆಯಿಂದಲೇ ಕಿತ್ತುಕೊಂಡು ಉಣ್ಣುವವನನ್ನು... ಛೀ, ನಾನು ಪ್ರೀತಿಸಿದೆನಾ!

ಅವನ ನಂಬರನ್ನು ಅಂದೇ ಬ್ಲಾಕ್ ಮಾಡಿದಳು.

ಮೂರು ತಿಂಗಳ ನಂತರ ಅವಳು ಸೋಂಪುರದ ಬಿಸ್ಕತ್ತು ಕಾರ್ಖಾನೆಯ ಕೆಲಸಕ್ಕೆ ಸೇರಿದಳು. ತನ್ನೂರು ದೊಡ್ಡಬೆಳವಂಗಲದಿಂದ ಕಂಪನಿ ವ್ಯಾನು, ತಲೆಗೆ ನೀಲಿ ಟೋಪಿ, ಮುಂದೆ ಮುಗಿಯದ ಪ್ಯಾಕೆಟ್ಟುಗಳ ಸಾಲು. ಬಿ.ಎಡ್. ಅಂದರೆ ಮೇಲ್ವಿಚಾರಕ ನಗುತ್ತಾನೆಂದು ಅವಳು ಪಿಯುಸಿ ಎಂದೇ ಹೇಳಿಕೊಂಡಿದ್ದಳು.

ಮೊದಲ ದಿನವೇ, ರಟ್ಟಿನ ಪೆಟ್ಟಿಗೆ ಹೊತ್ತು ಬಂದವನನ್ನು ಕಂಡು ಅವಳ ಕೈ ನಿಂತುಹೋಯಿತು. ಅದೇ ಎತ್ತರ... ಅದೇ ಕಣ್ಣು!

"ಕೀರ್ತನ ಮೇಡಂ! ನೀವಿಲ್ಲಿ? ಸ್ಕೂಲು ಬಿಟ್ರಾ?"

"ಏನು ನಾಟಕ! ಅರ್ಧ ಸಂಬಳಕ್ಕೆ ಹೋಗಿ ನನ್ನ ಕೆಲಸ ಕಿತ್ಕೊಂಡೋರು ನೀವು!"

ಪೆಟ್ಟಿಗೆ ಅವನ ಕೈಯಿಂದ ಜಾರಿತು.

"ನಾನಾ? 'ಆ ಹುದ್ದೆ ಕೀರ್ತನ ಮೇಡಂಗೆ ಕೊಡಿ, ನಾನು ಬಿಡ್ತೀನಿ' ಅಂತ ಹೇಳಿ ಬಂದೆ ಕಣ್ರೀ. ನೀವು ಸೇರ್ಕೊಂಡ್ರಿ ಅಂದ್ಕೊಂಡು ಇಷ್ಟು ದಿನ ಸಮಾಧಾನವಾಗಿದ್ದೆ..."

ಅವಳು ಬಗ್ಗಿ ಬಿದ್ದ ಪೆಟ್ಟಿಗೆಯ ಒಂದು ತುದಿ ಹಿಡಿದಳು, ಅವನು ಇನ್ನೊಂದು.

ಅಂದು ಸಂಜೆ ಅಜ್ಜಿಯ ಮಡಿಲಲ್ಲಿ ತಲೆಯಿಟ್ಟು ಅವಳು ಕೇಳಿದಳು. "ಅಜ್ಜಿ, ಆ ರಾಜನ ಮಗಳು ಕೊನೆಗೆ ಯಾರಿಗೆ ಸಿಕ್ಕಿದ್ಲು?"

ಪಾಪಕ್ಕ ಬೊಚ್ಚುಬಾಯಿ ತೆರೆದು ನಕ್ಕಳು. "ಅಯ್ ನನ್ ಕೂಸೇ! ಆ ರಾಜಂಗೆ ಮಗಳೇ ಇರ್ನಿಲ್ಲ ಕಣವ್ವ. ಉತ್ತೋರಿಬ್ರೂ ಬಾವಿ ತಾವ ನೀರು ಕುಡಿಯಕ್ ಬಂದಾಗ್ಲೇ ಗೊತ್ತಾಗಿದ್ದು."

ಕೀರ್ತನ ಎದ್ದು ಕುಳಿತಳು. ಮೈಯೆಲ್ಲಾ ಉರಿಯಿತು. ಹುದ್ದೆಯೇ ಇರಲಿಲ್ಲ! ಪುಕ್ಕಟೆ ದುಡಿಸಿಕೊಂಡು, ಒಬ್ಬರ ಹೆಸರು ಹೇಳಿ ಇನ್ನೊಬ್ಬರನ್ನು ಓಡಿಸುವುದೇ ಆ ಶಾಲೆಯ ಪದ್ಧತಿ!

ಊರಿನ ಹಾಲಿನ ಡೇರಿಯ ಪಿಳ್ಳಪ್ಪನ ಮಗಳು ಅದೇ ಶಾಲೆಯಲ್ಲಿ ಎಂಟನೇ ತರಗತಿ. ಶನಿವಾರ ಪೋಷಕರ ಸಭೆ. ಪಿಳ್ಳಪ್ಪನ ಜೊತೆ ಕೀರ್ತನ ಹೋದಳು, ಬೀರೇಶನಿಗೂ ಅಜ್ಜಿ ಹೇಳಿದ್ದನ್ನು ತಿಳಿಸಿ ಬರಹೇಳಿದಳು.

ಅಲ್ಲಿ ಹೊಸ ಹುಡುಗಿ ರಂಜಿತ ಸೀಮೆಸುಣ್ಣ ಹಿಡಿದು ನಿಂತಿದ್ದಳು. ಅವಳಿಗೂ ಡೆಮೊ!

"ಸಾರ್, ಈ ಮೇಡಂನ ಯಾವಾಗ ಕಳಿಸ್ತೀರಾ?" ಕೀರ್ತನಳ ದನಿ ಸಭೆಯನ್ನು ಸೀಳಿತು. "ಯಾರ ಹೆಸರು ಹೇಳಿ ಕಳಿಸ್ತೀರಾ?"

ವೆಂಕಟರಾಯಪ್ಪ ಗಂಟಲು ಸರಿಮಾಡಿಕೊಂಡರು. "ಏನಮ್ಮಾ ಇದು, ನಮ್ಮದು ಕ್ವಾಲಿಟಿ ನೋಡೋ ಸಂಸ್ಥೆ..."

"ಅಲ್ಲಾ ಸ್ವಾಮಿ," ಪಿಳ್ಳಪ್ಪ ಎದ್ದ, "ಬಂದ್ ಬಂದೋರೆಲ್ಲಾ ನನ್ ಮಗ್ಳಿಗೆ ಲೆಕ್ಕದ ಮೊದಲನೇ ಪಾಠಾನೇ ಮಾಡವ್ರೆ. ಎರಡನೇ ಪಾಠ ಒಬ್ರೂ ಮುಟ್ಟಿಲ್ಲ! ಹಾಲಿಗೆ ನೀರು ಹಾಕ್ದೋನ್ನ ಕಳ್ಳ ಅಂತೀರಲ್ಲ, ನಿಮ್ಮನ್ನ ಏನನ್ಬೇಕು?"

ಸಭೆ ಭುಗಿಲೆದ್ದಿತು. "ಫೀಸು ಮಾತ್ರ ಪೂರ್ತಿ ಬೇಕಾ?" "ನಮ್ ಮಕ್ಕಳೂ ಅದನ್ನೇ ಹೇಳ್ತವೆ!"

ವೆಂಕಟರಾಯಪ್ಪ ಬೆವರು ಒರೆಸಿಕೊಂಡು ಅವಳ ಬಳಿ ಬಂದರು. "ಗಲಾಟೆ ಬೇಡಮ್ಮ. ಸೋಮವಾರದಿಂದ ನೀನೇ ಬಾ. ಕಾಯಂ. ನಿನಗೊಬ್ಬಳಿಗೆ ಮಾತ್ರ."

ಕಾಯಂ! ಆ ಮಾತಿಗಾಗಿ ಅವಳು ಎಷ್ಟು ಬಾಗಿಲು ತಟ್ಟಿದ್ದಳು...

"ಒಪ್ಕೊಳ್ಳಿ ಮೇಡಂ," ಬೀರೇಶ್ ಮೆಲ್ಲಗೆ ಅಂದ. "ನನಗೆ ಹೇಗೋ ಆಗುತ್ತೆ."

ಅವಳು ಅವನತ್ತ ತಿರುಗಿದಳು. "ಮತ್ತೆ ಶುರು ಮಾಡಿದ್ರಾ? ನನ್ನ ಕೇಳ್ದೆ ತ್ಯಾಗ ಮಾಡಿ ಅಂತ ಯಾರು ಹೇಳಿದ್ದು ನಿಮಗೆ! ಒಂದ್ಸಲ ಮಾಡಿದ್ರಿ, ಇಬ್ಬರೂ ಬಿಸ್ಕತ್ತು ತುಂಬೋಕೆ ಹೋದ್ವಿ. ಸಾಕು!"

ಅವನ ತುಟಿಯಂಚಿನಲ್ಲಿ ನಗು.

ಅವಳು ಸಭೆಗೆ ಮುಖ ಮಾಡಿದಳು. "ಎಂಟು, ಒಂಬತ್ತು, ಹತ್ತು... ಮೂರು ತರಗತಿಗೂ ಗಣಿತಕ್ಕೆ ಕಾಯಂ ಟೀಚರ್ ಯಾರೂ ಇಲ್ಲ. ಇಲ್ಲಿ ಮೂರು ಜನ ಇದ್ದೀವಿ. ಮೂವರಿಗೂ ನೇಮಕದ ಆದೇಶ, ಪೂರ್ತಿ ಸಂಬಳ, ಇವತ್ತೇ, ಇವರೆಲ್ಲರ ಎದುರಿಗೆ. ಇಲ್ಲಾಂದ್ರೆ ನಾನೂ ಬರಲ್ಲ!"

"ಬರೆದುಕೊಡೋವರ್ಗೂ ನಾವೂ ಏಳಲ್ಲ," ಅಂದ ಪಿಳ್ಳಪ್ಪ, ಕುರ್ಚಿಯಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತು.

ಯಾರೂ ಏಳಲಿಲ್ಲ. ಮಧ್ಯಾಹ್ನದ ಊಟದ ಹೊತ್ತು ಮೀರಿತು. ಕೊನೆಗೆ ವೆಂಕಟರಾಯಪ್ಪ ಪೆನ್ನು ಕೇಳಿದರು.

ಸೋಮವಾರ. ಎಂಟನೇ ತರಗತಿಯಲ್ಲಿ ಕೀರ್ತನ ಪುಸ್ತಕ ತೆರೆದಾಗ ಮಕ್ಕಳು ರಾಗ ಎಳೆದರು. "ಮತ್ತೆ ಮೊದಲನೇ ಪಾಠಾನಾ ಮಿಸ್..."

"ಇಲ್ಲ. ಎರಡನೇದು!"

ಮಕ್ಕಳು ಹೋ ಎಂದರು. ಬಾಗಿಲಲ್ಲಿ ಬೀರೇಶ್ ನಿಂತಿದ್ದ. ಪಕ್ಕದ ತರಗತಿಯಲ್ಲಿ ಸೀಮೆಸುಣ್ಣ ಇರಲಿಲ್ಲವಂತೆ! ಅವಳು ತನ್ನದನ್ನು ಮುರಿದು, ದೊಡ್ಡ ತುಂಡನ್ನು ಅವನಿಗೆ ಕೊಟ್ಟಳು.

"ಮೇಡಂ... ಉತ್ತೋರಿಬ್ರೂ ಬಾವಿ ಹತ್ರ ಸಿಕ್ಕಿದ್ರಲ್ಲ. ಆಮೇಲೆ ಏನಾಯ್ತಂತೆ?"

"ಅಜ್ಜಿನೇ ಕೇಳಿ. ಭಾನುವಾರ ನಿಮ್ಮ ಅಮ್ಮನ್ನ ಕರ್ಕೊಂಡು ಬನ್ನಿ."

ಅವನ ಕಣ್ಣು ಅರಳಿತು. "ಅಮ್ಮನ್ನ ಯಾಕೆ?"

"ಕಥೆ ಕೇಳೋಕೆ," ಅಂದಳು ಕೀರ್ತನ, ಹಲಗೆಯ ಕಡೆ ತಿರುಗಿ ಕೆಂಪಾದ ಮುಖ ಮರೆಮಾಡುತ್ತ. "ಸಿಹಿ ತರೋದು ಮರೀಬೇಡಿ... ಬಿಸ್ಕತ್ತು ಮಾತ್ರ ಬೇಡ!"