ಮುಖ ನುಂಗಿದ ಮಾತು

ಬಹಳ ಬಹಳ ಹಿಂದೆ, ಎಳೆನಾಡು ಎಂಬ ರಾಜ್ಯದಲ್ಲಿ ಮನೆಮನೆಯಲ್ಲೂ ರೇಷ್ಮೆ ಹುಳ ಸಾಕುತ್ತಿದ್ದರು. ಹುಳವನ್ನು ಹುಳ ಎಂದೇ ಕರೆಯುತ್ತಿದ್ದರು, ನೆಮ್ಮದಿಯಾಗಿದ್ದರು.

ಒಂದು ದಿನ ಕಡಲಾಚೆಯಿಂದ ಕೋರ್ವಿನನೆಂಬ ಮಾಂತ್ರಿಕ ದೊರೆಯ ಬಳಿಗೆ ಬಂದ. “ಮಹಾಪ್ರಭು, ಇಷ್ಟು ಚಂದದ ಜೀವಕ್ಕೆ ಹುಳ ಅನ್ನುವುದೇ? ನಮ್ಮ ಲ್ಯಾಟಿನ್ ನುಡಿಯಲ್ಲಿ ಲಾರ್ವಾ ಅನ್ನುತ್ತೇವೆ” ಎಂದ. ದೂರದಿಂದ ಬಂದದ್ದೆಲ್ಲ ನಮ್ಮ ದೊರೆಗೆ ಚಿನ್ನ. ಎಲ್ಲರೂ ಹಾಗೆಯೇ ಅನ್ನಬೇಕೆಂದು ಅಂದೇ ಡಂಗುರ ಸಾರಿಸಿದ.

ಆ ಪದದ ಪೂರ್ವೋತ್ತರ ಒಬ್ಬರೂ ವಿಚಾರಿಸಲಿಲ್ಲ. ಹುಟ್ಟಿದ ನಾಡಿನಲ್ಲಿ ಅದರ ಮೊದಲ ಅರ್ಥ ದೆವ್ವ. ಆಮೇಲೆ ದೆವ್ವದಂಥ ಮುಖವಾಡ. ಎಷ್ಟೋ ಕಾಲದ ಮೇಲೆ, ಒಳಗಿರುವ ಚಿಟ್ಟೆಯನ್ನು ಮುಖವಾಡದಂತೆ ಮರೆಮಾಡುತ್ತದೆಂದು ಪಂಡಿತರು ಹುಳಕ್ಕೆ ಆ ಹೆಸರಿಟ್ಟರು. ಮಾಂತ್ರಿಕ ಹಳೆಯ ಅರ್ಥಗಳನ್ನೂ ಪದದೊಳಗೆ ಜೀವಂತವಾಗಿ ಕಟ್ಟಿ ತಂದಿದ್ದ.

ಹುಳದ ಮನೆಯಲ್ಲಿ ಆ ಪದವನ್ನು ಮೊದಲು ನುಡಿದವಳು ದೇವೀರಿ. ಹುಳ ಸಾಕುವ ತಟ್ಟೆಯಿಂದ ಬಿಳಿಯ ದೆವ್ವವೊಂದು ಎದ್ದು ಅವಳ ಮುಖಕ್ಕೆ ಅಂಟಿ ಮುಖವಾಡವಾಯಿತು. ಅದಕ್ಕೆ ಕಣ್ಣಿಲ್ಲ, ಬಾಯಿಲ್ಲ. ಸಂಜೆಯೊಳಗೆ ಬೀದಿಯ ತುಂಬ ಅಂಥ ಮುಖಗಳು. ಪಕ್ಕದ ಮನೆಯವರು ಒಬ್ಬಳ ಮುಖವಾಡ ಕಿತ್ತರು. ಅದರ ಜೊತೆ ಅವಳ ಪ್ರಾಣವೂ ಕಿತ್ತು ಬಂತು.

ದೇವೀರಿಯ ತಂಗಿ ಹೊನ್ನಿ ಅಕ್ಕನ ಕೆನ್ನೆಯ ಹತ್ತಿರ ಕೈ ಒಡ್ಡಿದಳು. ಮುಖವಾಡ ಬಿಸಿಯಾಗಿತ್ತು. ಅಕ್ಕ ತಲೆಯೆತ್ತಿ ಅಲುಗಾಡದೆ ಕೂತಿದ್ದಳು. ಹುಳ ಪೊರೆ ಬಿಡುವ ಮುನ್ನ ಹೀಗೆಯೇ ಇರುತ್ತದೆ. ಸಾಕುವವರು ಅದಕ್ಕೆ ಜ್ವರ ಅನ್ನುತ್ತಾರೆ. ಜ್ವರಕ್ಕೆ ಕೂತ ಹುಳವನ್ನು ಮುಟ್ಟಬಾರದು. ಹೊನ್ನಿ ಬಾಗಿಲಿಗೆ ಅಡ್ಡ ಕೂತಳು.

ಮೊದಲ ದಿನ ಮುಖವಾಡದ ಹಿಂದಿನಿಂದ ಅಕ್ಕನ ದನಿ ಬಂತು. “ಉಸಿರು ಕಟ್ತೈತೆ ಕಣೇ ಹೊನ್ನಿ, ಕಿತ್ತಾಕೇ!” ಹೊನ್ನಿ ಬಿಕ್ಕಿ ಬಿಕ್ಕಿ ಅತ್ತಳು, ಮುಟ್ಟಲಿಲ್ಲ.

ಎರಡನೆಯ ದಿನ ದನಿ ನಿಂತಿತು. ಎದೆಯ ಏರಿಳಿತವೂ ನಿಂತಿತು. “ಸತ್ತೇ ಹೋದಳು, ಇನ್ನಾದರೂ ತೆಗಿ” ಎಂದು ಕಿಟಕಿಯಲ್ಲಿ ಕೋರ್ವಿನ ನಕ್ಕ. ಹೊನ್ನಿ ಕಿಟಕಿಯ ಕದ ಮುಚ್ಚಿದಳು. ಅಕ್ಕನನ್ನು ಮುಟ್ಟಲಿಲ್ಲ.

ಮೂರನೆಯ ದಿನ ಮುಖವಾಡ ತಾನಾಗಿ ಸುಲಿದು ಬಿದ್ದು, ಹುಳವಾಗಿ, ಗೂಡು ಕಟ್ಟಿಕೊಂಡಿತು. ದೇವೀರಿಯ ಎದೆ ಮತ್ತೆ ಏರಿಳಿಯಿತು. ಆದರೆ ಮುಖ ಒರೆಸಿದ ಹಲಗೆಯಂತೆ ಬರಿದಾಗಿತ್ತು. ಅವಳ ಕಣ್ಣು, ಮೂಗು, ಬಾಯಿ ಎಲ್ಲ ಗೂಡಿನೊಳಗೆ ಹೋಗಿದ್ದವು.

“ಗೂಡು ಕಂಡರೆ ಏನು ಮಾಡುತ್ತೀರಿ? ಬೇಯಿಸಿ!” ಎಂದು ಕೋರ್ವಿನ ಕೂಗಿದ. ನಮ್ಮ ಜನಕ್ಕೆ ಗೂಡೆಂದರೆ ನೂಲು ಬಿಟ್ಟು ಬೇರೆ ಹೊಳೆದೀತೇ? ಕುದಿಯುವ ಕೊಪ್ಪರಿಗೆ ಹೊತ್ತೇ ತಂದರು. ಯಾರೋ ಗೂಡನ್ನು ಅದರೊಳಗೆ ಎಸೆದೂಬಿಟ್ಟರು. ಹೊನ್ನಿ ಬಿಸಿನೀರಿಗೆ ಕೈ ಹಾಕಿ ಎತ್ತಿಕೊಂಡಳು. “ಮೊದಲ ಗೂಡು ಬಿತ್ತನೆಗೆ! ದೊರೆಯೂ ಬೇಯಿಸೋ ಹಂಗಿಲ್ಲ!” ಎಂದು ಚೀರಿದಳು.

ಮೊದಲ ಗೂಡನ್ನು ಬೇಯಿಸದೆ, ಚಿಟ್ಟೆ ಹೊರಬಂದು ಮೊಟ್ಟೆಯಿಡಲು ಬಿಡುವುದು ಅಜ್ಜಂದಿರ ಕಾಲದ ಕಟ್ಟಳೆ. ಎಲ್ಲರೂ ಹಿಂದೆ ಸರಿದರು.

ಬೆಂದ ಅಂಗೈಯಲ್ಲಿ ಗೂಡು ಒಡೆಯಿತು. ಬಿಳಿಯ ಚಿಟ್ಟೆ ಹೊರಬಂದು ದೇವೀರಿಯ ಮುಖದ ಮೇಲೆ ಕೂತಿತು. ಕಣ್ಣು ಬಂತು, ಮೂಗು ಬಂತು, ಬಾಯಿ ಬಂತು. ಆಮೇಲೆ ಅದು ಹಾರಿ ಕೋರ್ವಿನನ ಹಣೆ ಮುಟ್ಟಿತು. ಅವನ ಮುಖ ಕಳಚಿ ಬಿತ್ತು. ಹಿಂದೆ ಏನೂ ಇರಲಿಲ್ಲ, ಬರಿಯ ನಿಲುವಂಗಿ ನೆಲಕ್ಕೆ ಕುಸಿಯಿತು. ಬೀದಿಯ ಮುಖವಾಡಗಳೆಲ್ಲ ಚಿಟ್ಟೆಗಳಾಗಿ, ಅವರವರ ಮುಖ ಬಿಟ್ಟುಕೊಟ್ಟು ಹಾರಿಹೋದವು.

ಹೊನ್ನಿ ಅಕ್ಕನನ್ನು ತಬ್ಬಿಕೊಂಡು, “ಕಿತ್ತಾಕು ಅಂತ ಅಷ್ಟು ಬೇಡ್ಕೊಂಡ್ಯಲ್ಲ, ನನ್ಮೇಲೆ ಸಿಟ್ಟಿಲ್ವಾ?” ಎಂದಳು.

ದೇವೀರಿ ಬೆಚ್ಚಿದಳು. “ಬೇಡ್ಕೊಂಡೋಳು ನಾನಲ್ಲ, ಅದು ಅಂಟಿದಾಗಿಂದ ನಂಗೆ ಬಾಯೇ ಇರ್ಲಿಲ್ಲ ಕಣೇ. ಮನಸ್ನಾಗೆ ಒಂದೇ ಹೇಳ್ಕೊತಿದ್ದೆ, ಮುಟ್ಬ್ಯಾಡ ಹೊನ್ನಿ, ಮುಟ್ಬ್ಯಾಡ ಅಂತ.”

ಅಕ್ಕತಂಗಿಯರು ಬಹುಕಾಲ ಸುಖವಾಗಿ ಹುಳ ಸಾಕಿದರು. ಲಾರ್ವಾ ಅನ್ನುವ ಪದವೂ ಆ ನಾಡಿನಲ್ಲಿ ಉಳಿಯಿತು, ಈಗ ಬರಿಯ ಹುಳವಾಗಿ.